ಕಣದ ರಾಶಿ, ಅಜ್ಜಿಯ ಪಾಲು

ಮಗಳು ಹತ್ತನೇ ತರಗತಿಯಲ್ಲಿದ್ದಾಗ ಶಂಕುವಿನ ಘನಫಲ, ಸಿಲಿಂಡರಿನ ಘನಫಲ ಎಂದು ಬಾಯಿಪಾಠ ಮಾಡುತ್ತಿದ್ದಳು. ಒಂದು ಸಂಜೆ, "ಅಮ್ಮಾ, ಇದರಿಂದ ಯಾರಿಗೇನು ಉಪಯೋಗ?" ಎಂದು ಪುಸ್ತಕ ಮುಚ್ಚಿಬಿಟ್ಟಳು. ನನಗೆ ಅಜ್ಜಿಯ ನೆನಪಾಯಿತು.

ಅಜ್ಜಿ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಆ ವರ್ಷದ ಸುಗ್ಗಿಯಲ್ಲಿ ಭಾವನಿಗೆ ಎರಡು ಪಾಲು ಭತ್ತ, ಅಜ್ಜಿಗೆ ಒಂದು ಪಾಲು ಎಂದು ಮಾತಾಗಿತ್ತು. ಭಾವ ಕಣದಲ್ಲಿ ಎರಡು ರಾಶಿ ಹಾಕಿಸಿ, ಸುತ್ತಲೂ ಹಗ್ಗ ಹಿಡಿಸಿದರು. ಅವರದು 36 ಮೊಳ, ಅಜ್ಜಿಯದು 18. "ನೋಡಿ, ಸರಿಯಾಗಿ ಅರ್ಧ" ಎಂದರಂತೆ.

ಅಜ್ಜಿ ಭಾವನ ಎದುರಿಗೆ ಮಾತಾಡುವವರಲ್ಲ. ದೂರದಲ್ಲಿ ನಿಂತು, ಏಳು ವರ್ಷದ ನನ್ನ ಅಪ್ಪನ ಕಿವಿಯಲ್ಲಿ ಹೇಳಿದರು: "ಹಗ್ಗ ಬೇಡವಂತೆ, ಕೊಳಗದಲ್ಲಿ ಅಳೆಯಬೇಕಂತೆ ಅಂತ ದೊಡ್ಡಪ್ಪನಿಗೆ ಹೇಳು."

ಈ ಕಥೆಯ ಲೆಕ್ಕ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, 1150ರಲ್ಲಿ ಭಾಸ್ಕರಾಚಾರ್ಯ ಬರೆದ ‘ಲೀಲಾವತಿ’ಯ ಅನುವಾದ ಓದುವಾಗ. ಅದರಲ್ಲಿ ಧಾನ್ಯದ ರಾಶಿಗೆಂದೇ ಒಂದು ಭಾಗವಿದೆ. ಶಾಲೆಯ ಸೂತ್ರಕ್ಕೆ ತ್ರಿಜ್ಯ ಬೇಕು. ರಾಶಿಯ ತ್ರಿಜ್ಯ ಭತ್ತದೊಳಗೆ ಹೂತಿರುತ್ತದೆ, ಅಳೆಯುವುದು ಹೇಗೆ? ಹಿಂದಿನವರಿಗೆ ಹಗ್ಗ ಒಂದೇ ಸಾಕಾಗಿತ್ತು. ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿದರೆ ಆಯಿತು. ಎತ್ತರಕ್ಕೂ ಏಣಿ ಬೇಡ. ಭತ್ತದಂಥ ಮುಳ್ಳುಧಾನ್ಯವಾದರೆ ಅದು ಸುತ್ತಳತೆಯ ಒಂಬತ್ತನೆಯ ಒಂದು ಪಾಲು, ದಪ್ಪ ಕಾಳಿಗೆ ಹತ್ತನೆಯದು, ಸಾಸಿವೆಯಂಥ ಸಣ್ಣ ಕಾಳಿಗೆ ಹನ್ನೊಂದನೆಯದು. ಕಾಳು ನುಣುಪಾದಷ್ಟೂ ರಾಶಿ ಜಾರಿ ತಗ್ಗುತ್ತದೆ. ಸುರಿದು ನೋಡಿದ ಕಣ್ಣಿನ ಲೆಕ್ಕ ಇದು. ಭಾಸ್ಕರನಿಗೂ ಮೊದಲೇ, 628ರಲ್ಲಿ, ಬ್ರಹ್ಮಗುಪ್ತ ಇದನ್ನು ಹೇಳಿದ್ದ. ಇಲ್ಲಿ ‘ಪೈ’ಗೆ ಬರೀ 3 ಎಂದು ಹಿಡಿದಿರುವುದರಿಂದ ನೂರಕ್ಕೆ ಐದರೊಳಗೆ ಹೆಚ್ಚು ಬರುತ್ತದೆ, ಆದರೆ ಎರಡು ರಾಶಿಗಳನ್ನು ಹೋಲಿಸುವಾಗ ಆ ತಪ್ಪು ಎರಡು ಕಡೆಗೂ ಸಮ.

ಈಗ ನಮ್ಮ ಕಣಕ್ಕೆ ಬನ್ನಿ. ಭಾವನ ರಾಶಿ 36 ಮೊಳ, ಎತ್ತರ 4. ಆರು ಆರಲ 36, ನಾಲ್ಕರಿಂದ ಗುಣಿಸಿದರೆ 144 ಘನಮೊಳ. ಅಜ್ಜಿಯದು 18 ಮೊಳ, ಎತ್ತರ 2. ಮೂರು ಮೂರಲ 9, ಎರಡರಿಂದ ಗುಣಿಸಿದರೆ 18. ಅರ್ಧವೆಂದದ್ದು ಎಂಟನೆಯ ಒಂದು ಪಾಲು! ಒಟ್ಟು 162ರಲ್ಲಿ ಅವರಿಗೆ ನ್ಯಾಯವಾಗಿ ಬರಬೇಕಾದದ್ದು 54.

ಕೊಳಗಕ್ಕೆ ಈ ಮಾಯೆ ಇಲ್ಲ. ಅದರ ಗೋಡೆ ನೆಟ್ಟಗೆ. ಅರ್ಧ ಎತ್ತರ ತುಂಬಿದರೆ ಅರ್ಧವೇ ಭತ್ತ. ಅಂದು ಕೊಳಗ ಬಂತು. ಆಳು "ಲಾಭ" ಎಂದು ಮೊದಲನೆಯದನ್ನು ಸುರಿದ, ಎರಡು, ಮೂರು ಎಂದು ಎಣಿಸುತ್ತಾ ಹೋದ. ಕತ್ತಲಾಗುವ ಹೊತ್ತಿಗೆ ಅಜ್ಜಿಯ ರಾಶಿ ಮೂರರಷ್ಟಾಗಿತ್ತು. ಭಾವನದು ಮೋಸವೋ, ತಿಳಿಯದೆ ಆದದ್ದೋ, ಅಪ್ಪ ಎಂದೂ ಹೇಳಲಿಲ್ಲ. "ಆ ವರ್ಷ ನಾವು ಉಪವಾಸ ಬೀಳಲಿಲ್ಲ" ಎಂದಷ್ಟೇ ಹೇಳುತ್ತಿದ್ದರು.

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ದಿನಾ ಸೇರಿನಲ್ಲಿ ಅಕ್ಕಿ ಅಳೆದ ಕೈ, ರಾಶಿಯನ್ನು ನಂಬಬಾರದೆಂದು ಅದಕ್ಕೆ ಗೊತ್ತಿತ್ತು. ಮಗಳು ಎಲ್ಲವನ್ನೂ ಕೇಳಿ, ಪೆನ್ಸಿಲ್ ತೆಗೆದುಕೊಂಡು 36ರ ಲೆಕ್ಕವನ್ನು ತಾನೇ ಮತ್ತೊಮ್ಮೆ ಮಾಡಿದಳು.