ಆರ್ಕೈವ್: ಭೌತವಿಜ್ಞಾನಿಗಳು ಕಟ್ಟಿಕೊಂಡ ಪ್ರಬಂಧ ಭಂಡಾರ

ನಾಲ್ಕು ತಿಂಗಳು ಕುಳಿತು ನೀವು ಒಂದು ಲೆಕ್ಕವನ್ನು ಬಿಡಿಸಿದ್ದೀರಿ ಎಂದುಕೊಳ್ಳಿ. ಉತ್ತರ ದೊರೆತ ಸಂತೋಷದಲ್ಲಿ ಗ್ರಂಥಾಲಯಕ್ಕೆ ಹೋಗುತ್ತೀರಿ. ಹಡಗಿನ ಅಂಚೆಯಲ್ಲಿ ಆಗ ತಾನೆ ಬಂದಿಳಿದ ವಿದೇಶಿ ನಿಯತಕಾಲಿಕದಲ್ಲಿ ಅದೇ ಲೆಕ್ಕ, ಅದೇ ಉತ್ತರ ಅಚ್ಚಾಗಿದೆ! 1990ರ ದಶಕದ ಮೊದಲ ವರ್ಷಗಳಲ್ಲಿ, ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ನನಗೆ ಆದದ್ದು ಇದೇ. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಸುದ್ದಿ ತಡವಾಗಿ ತಲಪಿತ್ತು, ಅಷ್ಟೆ.

ಆ ತಡ ಹೇಗೆ ಇಲ್ಲವಾಯಿತು? ದೂರ ದೂರದ ಊರುಗಳಲ್ಲಿರುವ ವಿಜ್ಞಾನಿಗಳು ಗಣಕ ಜಾಲದ ಮೂಲಕ ಒಂದೇ ಮೇಜಿನ ಸುತ್ತ ಕುಳಿತಂತೆ ಕೆಲಸ ಮಾಡುವುದು ಹೇಗೆ ಸಾಧ್ಯವಾಯಿತು? ಈ ಕಥೆಯಲ್ಲಿ ಭಾರತೀಯ ಭೌತವಿಜ್ಞಾನಿಯೊಬ್ಬರ ಸಣ್ಣ ದೂರಿಗೂ ಪಾತ್ರವಿದೆ.

ಅಂಚೆಯ ಕಾಲ

ಪ್ರಬಂಧವೊಂದು ನಿಯತಕಾಲಿಕಕ್ಕೆ ಹೋಗಿ, ತಜ್ಞರ ಪರಿಶೀಲನೆ ಮುಗಿದು, ಅಚ್ಚಾಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕಾಯಲಾರದ ಕಣ ಭೌತವಿಜ್ಞಾನಿಗಳು ಹಸ್ತಪ್ರತಿಯ ನಕಲುಗಳನ್ನು ತೆಗೆಸಿ, ತಮಗೆ ಗೊತ್ತಿದ್ದ ಸಂಸ್ಥೆಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಇವುಗಳಿಗೆ 'ಪ್ರಿಪ್ರಿಂಟ್' ಅಥವಾ ಮುದ್ರಣಪೂರ್ವ ಪ್ರತಿ ಎಂದು ಹೆಸರು. ದೊಡ್ಡ ಸಂಸ್ಥೆಗಳ ವಿಳಾಸ ಪಟ್ಟಿಯಲ್ಲಿ ನಿಮ್ಮ ವಿಭಾಗದ ಹೆಸರಿದ್ದರೆ ಪ್ರತಿ ಬರುತ್ತಿತ್ತು. ಇಲ್ಲವಾದರೆ ಅಚ್ಚಾದ ಸಂಚಿಕೆಗೇ ಕಾಯಬೇಕು. ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಪ್ರತಿಭೆಗಿಂತ ಮೊದಲು ಅಂಚೆಯೇ ನಿರ್ಧರಿಸಿಬಿಡುತ್ತಿತ್ತು.

ಇದನ್ನು ಬದಲಿಸಲು ಇ-ಮೇಲ್ ಒಂದೇ ಸಾಲುತ್ತಿರಲಿಲ್ಲ. ಸಮೀಕರಣಗಳನ್ನು ಸಾಮಾನ್ಯ ಅಕ್ಷರಗಳಲ್ಲೆ ಬರೆದು ಕಳಿಸುವ ವಿಧಾನವೂ ಬೇಕಿತ್ತು. ಅದನ್ನು ಒದಗಿಸಿದ್ದು 1978ರಲ್ಲಿ ಡೊನಾಲ್ಡ್ ಕ್ನೂತ್ ಹೊರತಂದ 'ಟೆಕ್' ತಂತ್ರಾಂಶ. ಇದರ ಮಹತ್ತ್ವ ತಿಳಿಯಲು ಒಂದು ಲೆಕ್ಕ ಮಾಡೋಣ. 20 ಪುಟದ ಪ್ರಬಂಧದ ಟೆಕ್ ಕಡತ ಸುಮಾರು 50 ಕಿಲೋಬೈಟ್, ಅಂದರೆ 4 ಲಕ್ಷ ಬಿಟ್. ಸೆಕೆಂಡಿಗೆ 9,600 ಬಿಟ್ ಸಾಗಿಸುವ ಮೋಡೆಮ್‌ನಲ್ಲಿ ಇದು ತಲಪಲು 42 ಸೆಕೆಂಡ್ ಸಾಕು. ಅದೇ ಪುಟಗಳನ್ನು ಅಂಗುಲಕ್ಕೆ 300 ಬಿಂದುಗಳ ಕಪ್ಪು-ಬಿಳುಪು ಚಿತ್ರವಾಗಿ, ಕುಗ್ಗಿಸದೆ ಕಳಿಸಿದರೆ? ಸುಮಾರು 17.4 ಕೋಟಿ ಬಿಟ್. ತಗಲುವ ಕಾಲ 5 ಗಂಟೆ! ವಿದ್ಯಾರ್ಥಿಗಳೆ, ಈ ಲೆಕ್ಕವನ್ನು ನೀವೇ ಮಾಡಿ ತಾಳೆ ನೋಡಿ.

ಆಸ್ಪೆನ್‌ನ ಮಾತುಕತೆ

1989ರ ಸುಮಾರಿಗೆ ಅಮೆರಿಕದ ಯುವ ಭೌತವಿಜ್ಞಾನಿ ಜೋಆನ್ ಕೋನ್ ತಂತು ಸಿದ್ಧಾಂತದ ಹೊಸ ಪ್ರಬಂಧಗಳ ಟೆಕ್ ಕಡತಗಳನ್ನು ಸಂಗ್ರಹಿಸಿ, ಆಸಕ್ತರಿಗೆ ಇ-ಮೇಲ್ ಮೂಲಕ ಹಂಚತೊಡಗಿದರು. ಇದು ಅವರು ಬಿಡುವಿನಲ್ಲಿ ಮಾಡುತ್ತಿದ್ದ ಉಪಕಾರ. ಪಟ್ಟಿ ಬೆಳೆದಂತೆ ಕೆಲಸವೂ ಬೆಳೆಯಿತು.

1991ರ ಬೇಸಗೆಯಲ್ಲಿ ಕೊಲರಾಡೋದ ಆಸ್ಪೆನ್‌ನಲ್ಲಿ ಭೌತವಿಜ್ಞಾನಿಗಳು ಸೇರಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಸ್ಪೆಂಟಾ ವಾಡಿಯಾ ಅಲ್ಲಿ ತಮ್ಮ ಅಳಲನ್ನು ಹೇಳಿಕೊಂಡರು: ತಾವು ಪ್ರವಾಸದಲ್ಲಿರುವಾಗ ಇ-ಮೇಲ್‌ನಲ್ಲಿ ಬಂದು ಬೀಳುವ ಪ್ರಬಂಧಗಳಿಂದ ತಮ್ಮ ಪಾಲಿನ ಡಿಸ್ಕ್ ಜಾಗವೆಲ್ಲ ತುಂಬಿಹೋಗಬಹುದು! ಈ ಮಾತು ಲಾಸ್ ಆಲಮಾಸ್ ಪ್ರಯೋಗಾಲಯದ ಪಾಲ್ ಗಿನ್ಸ್‌ಪಾರ್ಗ್ ಅವರ ಕಿವಿಗೆ ಬಿತ್ತು. ಎಲ್ಲರಿಗೂ ಎಲ್ಲವನ್ನೂ ಕಳಿಸುವುದೇಕೆ? ಪ್ರಬಂಧಗಳು ಒಂದು ಗಣಕದಲ್ಲಿರಲಿ. ಸಾರಾಂಶಗಳ ಪಟ್ಟಿ ಮಾತ್ರ ಎಲ್ಲರಿಗೂ ಹೋಗಲಿ. ಬೇಕಾದವರು ಬೇಕಾದುದನ್ನು ತರಿಸಿಕೊಳ್ಳಲಿ. ಈ ಕೆಲಸವನ್ನೆಲ್ಲ ಮನುಷ್ಯರ ಬದಲು ಗಣಕವೇ ಮಾಡಲಿ.

1991ರ ಆಗಸ್ಟ್ 14ರಂದು ಆ ವ್ಯವಸ್ಥೆ ಲಾಸ್ ಆಲಮಾಸ್‌ನಲ್ಲಿ ಕೆಲಸ ಆರಂಭಿಸಿತು. ಮೊದಲ ಪ್ರಬಂಧದ ಸಂಖ್ಯೆ 9108001. ಇದರಲ್ಲಿ 91 ಎಂಬುದು ವರ್ಷ, 08 ತಿಂಗಳು, 001 ಕ್ರಮಾಂಕ. ವರ್ಷಕ್ಕೆ ಸುಮಾರು 100 ಪ್ರಬಂಧ ಬರಬಹುದೆಂದು ಗಿನ್ಸ್‌ಪಾರ್ಗ್ ಅಂದಾಜು ಮಾಡಿದ್ದರು. ಆ ಅಂದಾಜು ಕೆಲವೇ ತಿಂಗಳಲ್ಲಿ ಸುಳ್ಳಾಯಿತು. 1993ರಲ್ಲಿ ವೆಬ್ ಮೂಲಕವೂ ಪ್ರಬಂಧಗಳು ಸಿಗತೊಡಗಿದವು. 1998ರಲ್ಲಿ 'ಆರ್ಕೈವ್' ಎಂಬ ಹೆಸರು ಬಂತು. 2001ರಲ್ಲಿ ಗಿನ್ಸ್‌ಪಾರ್ಗ್ ಅವರೊಂದಿಗೆ ಭಂಡಾರವೂ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸಾಗಿತು. 2022ರ ಆರಂಭದ ಹೊತ್ತಿಗೆ ಪ್ರಬಂಧಗಳ ಸಂಖ್ಯೆ 20 ಲಕ್ಷ ಮುಟ್ಟಿತ್ತು. 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ 24,000ಕ್ಕೂ ಹೆಚ್ಚು ಪ್ರಬಂಧಗಳು ಬಂದವು.

ನಮ್ಮಲ್ಲಿ 1986ರಲ್ಲಿ ಆರಂಭವಾದ 'ಅರ್ನೆಟ್' ಶೈಕ್ಷಣಿಕ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೊದಲಿನಿಂದಲೂ ಪಾಲುದಾರ. ಇಂಥ ಸಂಪರ್ಕ ಇದ್ದವರಿಗೆ ಆರ್ಕೈವ್‌ನ ಪಟ್ಟಿ ಪ್ರಿನ್ಸ್‌ಟನ್ನಿನವರಿಗೆ ಸಿಕ್ಕ ದಿನವೇ ಸಿಗತೊಡಗಿತು. ನಾನು ಮೊದಲ ಬಾರಿ ಆ ಪಟ್ಟಿಯನ್ನು ತೆರೆದಾಗ, ನನ್ನ ವಿಷಯದಲ್ಲಿ ಹಿಂದಿನ ದಿನವಷ್ಟೆ ಬರೆದು ಮುಗಿಸಿದ ಪ್ರಬಂಧ ಅಲ್ಲಿತ್ತು. ಅಂದಿನಿಂದ ನಾನು ಗ್ರಂಥಾಲಯದಲ್ಲಿ ಹಡಗಿಗಾಗಿ ಕಾಯಲಿಲ್ಲ. ವಾಡಿಯಾ ಅವರು ಮುಂದೆ 2007ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರಾದರು. ಆ ಕೇಂದ್ರದ ನೆಲೆ ಬೆಂಗಳೂರು.

ವೇಗಕ್ಕೆ ತೆರುವ ಬೆಲೆ

ಇಲ್ಲೊಂದು ಎಚ್ಚರಿಕೆ ಅಗತ್ಯ. ಆರ್ಕೈವ್‌ನಲ್ಲಿ ಪ್ರಬಂಧ ವಿಷಯಕ್ಕೆ ಸಂಬಂಧಪಟ್ಟಿದೆಯೆ ಎಂಬಂಥ ಮೇಲ್ನೋಟದ ಪರಿಶೀಲನೆ ನಡೆಯುತ್ತದೆ. ಅದರ ಫಲಿತಾಂಶ ಸರಿಯೆ ಎಂದು ತಜ್ಞರು ಒರೆಹಚ್ಚಿರುವುದಿಲ್ಲ.

2011ರ ಸೆಪ್ಟೆಂಬರ್ 22ರಂದು 'ಒಪೆರಾ' ಪ್ರಯೋಗದ ತಂಡ ತನ್ನ ಪ್ರಬಂಧವನ್ನು ಆರ್ಕೈವ್‌ಗೆ ಸಲ್ಲಿಸಿತು. ಜಿನೀವಾದ ಸರ್ನ್‌ನಿಂದ ಹೊರಟ ನ್ಯೂಟ್ರಿನೋಗಳು ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೋಗೆ ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ತಲಪಿವೆ ಎಂಬುದು ಅದರ ಸಾರ. ಐನ್‌ಸ್ಟೈನ್ ಸೋತರೆಂದು ಪತ್ರಿಕೆಗಳು ಬರೆದವು. ಆದರೆ ಒಂದು ವಾರದ ಸುಮಾರಿಗೆ ಆಂಡ್ರ್ಯೂ ಕೋಯೆನ್ ಮತ್ತು ಶೆಲ್ಡನ್ ಗ್ಲ್ಯಾಶೊ ಅದೇ ಆರ್ಕೈವ್‌ನಲ್ಲಿ ಉತ್ತರ ಬರೆದರು: ಅಷ್ಟು ವೇಗದ ನ್ಯೂಟ್ರಿನೋಗಳು ದಾರಿಯಲ್ಲಿ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳನ್ನು ಹೊಮ್ಮಿಸಿ ಶಕ್ತಿಯನ್ನು ಕಳೆದುಕೊಳ್ಳಬೇಕಿತ್ತು, ಹಾಗೆ ಆಗಿಲ್ಲ. 2012ರ ಫೆಬ್ರುವರಿಯಲ್ಲಿ ದೋಷದ ಮೂಲ ಹೊರಬಿತ್ತು. ದ್ಯುತಿತಂತು ಕೇಬಲ್ಲೊಂದು ಸರಿಯಾಗಿ ಕೂತಿರಲಿಲ್ಲ!

ಇದನ್ನು ಆರ್ಕೈವ್‌ನ ಸೋಲು ಎನ್ನೋಣವೆ? ನಾನು ಹಾಗೆನ್ನಲಾರೆ. ಅನುಮಾನ ಹುಟ್ಟಿಸುವ ಫಲಿತಾಂಶವನ್ನು ತಂಡ ಎಲ್ಲರ ಮುಂದಿಟ್ಟು, ಪರೀಕ್ಷಿಸಿ ಎಂದು ಕೇಳಿಕೊಂಡಿತು; ಎಲ್ಲರೂ ಪರೀಕ್ಷಿಸಿದರು. ಸಹಕಾರ ಎಂದರೆ ಇದೇ ತಾನೆ? ಆದರೆ ಹಿಂದೆ ಸಂಪಾದಕರು ಹೊರುತ್ತಿದ್ದ ಭಾರದ ಒಂದು ಪಾಲು ಈಗ ಓದುಗರ ಹೆಗಲಿಗೆ ಬಂದಿದೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಆರ್ಕೈವ್‌ನ ಒಂದು ಪ್ರಬಂಧವನ್ನು ತೆರೆದು ತೋರಿಸಿ. ಅದರ ಸಂಖ್ಯೆಯಿಂದ ವರ್ಷ, ತಿಂಗಳುಗಳನ್ನು ಓದಲು ಕಲಿಸಿ. ಎಷ್ಟು ಬಾರಿ ತಿದ್ದಲಾಗಿದೆ, ಮೊದಲ ಪ್ರತಿಗೂ ಕೊನೆಯ ಪ್ರತಿಗೂ ಏನು ವ್ಯತ್ಯಾಸ, ನಿಯತಕಾಲಿಕದಲ್ಲಿ ಪ್ರಕಟವಾಗಿದೆಯೆ ಎಂದು ಹುಡುಕಿಸಿ. ಭಂಡಾರದ ಬಾಗಿಲು ಇಂದು ನಮ್ಮ ಹಳ್ಳಿಯ ಕಾಲೇಜಿಗೂ ತೆರೆದಿದೆ, ಕಾಸು ಖರ್ಚಿಲ್ಲ. ಒಳಗೆ ಹೋದವರು ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸಬಲ್ಲವರಾಗಿರಬೇಕು. ಅದನ್ನು ಕಲಿಸುವ ಹೊಣೆ ನಮ್ಮದು.