ಯುದ್ಧಕ್ಕೆ ಹೋಗಿ ಬಂದ ಲಾರಿಗಳು

1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದಾಗ ಅದರ ಸೈನ್ಯದ ಬಳಿ ಸ್ವಂತದ್ದೆಂದು ಹೇಳಿಕೊಳ್ಳಲು ಇದ್ದ ಲಾರಿಗಳು ನೂರಕ್ಕೂ ಕಡಿಮೆ. ಫಿರಂಗಿ ಎಳೆಯಲು, ದವಸ ಹೊರಲು ಕುದುರೆಯೇ ಗತಿ ಎಂದು ನಂಬಿದ್ದ ಸೈನ್ಯ ಅದು. ಆದರೂ ಕೆಲವೇ ವಾರಗಳಲ್ಲಿ ನೂರಾರು ಲಾರಿಗಳು ಸಮುದ್ರ ದಾಟಿ ಫ್ರಾನ್ಸಿನ ರಸ್ತೆಗಳಲ್ಲಿ ಮದ್ದುಗುಂಡು ಸಾಗಿಸುತ್ತಿದ್ದವು. ಜುಲೈ ತಿಂಗಳಿನವರೆಗೆ ಊರೂರು ತಿರುಗಿ ವ್ಯಾಪಾರಿಗಳ ಸರಕು ಹೊರುತ್ತಿದ್ದ ವಾಹನಗಳವು.

ಇದು ಆಕಸ್ಮಿಕವಲ್ಲ. ಸಾವಿರಾರು ಲಾರಿಗಳನ್ನು ಕೊಂಡು ಷೆಡ್ಡಿನಲ್ಲಿ ನಿಲ್ಲಿಸಿ ಯುದ್ಧ ಬರುವವರೆಗೆ ಕಾಯುವಷ್ಟು ದುಡ್ಡು ಸರ್ಕಾರದಲ್ಲಿರಲಿಲ್ಲ. ಹಾಗಾಗಿ 1911-12ರ ಸುಮಾರಿಗೆ ಯುದ್ಧ ಇಲಾಖೆ ಒಂದು ಜಾಣ ಉಪಾಯ ಹೂಡಿತು. ಇಲಾಖೆ ಒಪ್ಪಿದ ಮಾದರಿಯ ಮೂರು ಟನ್ ಲಾರಿಯನ್ನು ಖಾಸಗಿಯವರು ಯಾರೇ ಕೊಂಡರೂ ಅವರಿಗೆ ಮೂರು ವರ್ಷದಲ್ಲಿ ಒಟ್ಟು 110 ಪೌಂಡು ಸಹಾಯಧನ. ಪ್ರತಿಯಾಗಿ ಮಾಲೀಕ ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡಿದ್ದು, ಸೈನ್ಯ ಕರೆ ಕಳಿಸಿದಾಗ 72 ಗಂಟೆಗಳೊಳಗೆ ಒಪ್ಪಿಸಬೇಕು. ಶಾಂತಿಕಾಲದಲ್ಲಿ ಬಿಯರ್ ಪೀಪಾಯಿ ಹೊರಲಿ, ಹಿಟ್ಟಿನ ಮೂಟೆ ಹೊರಲಿ, ಸರ್ಕಾರಕ್ಕೆ ಅದರ ಗೊಡವೆಯಿಲ್ಲ. ಒಂದು ಷರತ್ತನ್ನು ಮಾತ್ರ ಇಲಾಖೆ ಬಿಗಿಯಾಗಿ ಹಿಡಿದಿತ್ತು: ಯಾವ ಕಂಪೆನಿ ತಯಾರಿಸಿದರೂ ಪೆಡಲುಗಳು, ಗೇರು ಮುಂತಾದವು ಒಂದೇ ಕ್ರಮದಲ್ಲಿರಬೇಕು, ಕೆಲವು ಬಿಡಿಭಾಗಗಳು ಒಂದರದ್ದು ಇನ್ನೊಂದಕ್ಕೆ ಹೊಂದಬೇಕು. ಆ ಕಾಲದಲ್ಲಿ ಒಬ್ಬೊಬ್ಬ ತಯಾರಕನದು ಒಂದೊಂದು ದಾರಿ. ಥಾರ್ನಿಕ್ರಾಫ್ಟ್ ಓಡಿಸಿ ಬಲ್ಲವನು ಡೆನಿಸ್ ಹತ್ತಿದರೆ ಕಕ್ಕಾಬಿಕ್ಕಿಯಾಗಬಾರದಲ್ಲ!

ಸೈನ್ಯ ಲಾರಿಗಳಿಗಷ್ಟೇ ಕೈಹಾಕಲಿಲ್ಲ. ಲಂಡನ್ನಿನ ಬೀದಿಗಳಿಂದ ಸುಮಾರು 900 ಎರಡು ಅಂತಸ್ತಿನ 'ಬಿ ಟೈಪ್' ಬಸ್ಸುಗಳೂ ರಣರಂಗಕ್ಕೆ ನಡೆದವು. ಮೊದಲು ಹೋದವು ಕೆಂಪು ಬಣ್ಣ ಮತ್ತು ಜಾಹೀರಾತುಗಳ ಸಮೇತವೇ ಹೋದವು. ಆಮೇಲೆ ಖಾಕಿ ಬಣ್ಣ ಬಂತು, ಕಿಟಕಿಯ ಗಾಜಿನ ಜಾಗಕ್ಕೆ ಮರದ ಹಲಗೆ ಬಂತು. ಶಸ್ತ್ರ ಹೊತ್ತ ಎರಡು ಡಜನ್ ಸಿಪಾಯಿಗಳನ್ನು ಒಂದು ಬಸ್ಸು ಸಾಗಿಸುತ್ತಿತ್ತು. ಕೆಲವನ್ನು ಸುದ್ದಿ ಒಯ್ಯುವ ಪಾರಿವಾಳಗಳ ಗೂಡಾಗಿ ಮಾರ್ಪಡಿಸಿದ್ದೂ ಉಂಟು. ಅವುಗಳಲ್ಲಿ ಬದುಕುಳಿದ 'ಓಲ್ ಬಿಲ್' ಎಂಬ ಬಸ್ಸು ಮುಂದೆ ಲಂಡನ್ನಿನ ಯುದ್ಧ ವಸ್ತುಸಂಗ್ರಹಾಲಯ ಸೇರಿತು.

1918ರ ನವೆಂಬರಿನಲ್ಲಿ ಯುದ್ಧ ನಿಂತಿತು. ಆ ಹೊತ್ತಿಗೆ ಸೈನ್ಯದ ಲಾರಿಗಳ ಸಂಖ್ಯೆ 50 ಸಾವಿರ ಮೀರಿತ್ತು. ಮದುವೆ ಮುಗಿದ ಮೇಲೆ ಚಪ್ಪರದ ಗಳು ಯಾರಿಗೆ ಬೇಕು? ಲಂಡನ್ನಿಗೆ ಪಶ್ಚಿಮದಲ್ಲಿರುವ ಸ್ಲೋ ಎಂಬಲ್ಲಿ, ಜೋಳಿಗೆ ತುಂಬುವ ಫಲವತ್ತಾದ ಹೊಲಗಳನ್ನು ವಶಪಡಿಸಿಕೊಂಡು ಸರ್ಕಾರ 1918ರಲ್ಲೇ ದೊಡ್ಡದೊಂದು ವಾಹನ ದುರಸ್ತಿ ಡಿಪೋ ಕಟ್ಟಲು ಹೊರಟಿತ್ತು. ಅದು ಪೂರ್ಣಗೊಳ್ಳುವಷ್ಟರಲ್ಲಿ ಯುದ್ಧವೇ ಮುಗಿದಿತ್ತು! ಕೆಟ್ಟು ಕೂತ ವಾಹನಗಳು ಸಾಲುಸಾಲಾಗಿ ಬಂದು ಬಿದ್ದವು. ಸುತ್ತಲಿನ ಜನ ಆ ಜಾಗಕ್ಕೆ 'ತಿಪ್ಪೆ' ಎಂಬರ್ಥದ ಹೆಸರನ್ನೇ ಇಟ್ಟರು. ಪೋಲು ಖರ್ಚಿನ ಬಗ್ಗೆ ಟೀಕೆಗಳ ಸುರಿಮಳೆಯಾಯಿತು. ಕಡೆಗೆ 1920ರಲ್ಲಿ ಪರ್ಸಿವಲ್ ಪೆರಿ, ನೋಯೆಲ್ ಮಾಬ್ಸ್ ಮೊದಲಾದವರ ಗುಂಪೊಂದು ಸುಮಾರು 600 ಎಕರೆ ಜಾಗ, ಕಟ್ಟಡ ಮತ್ತು 17 ಸಾವಿರದಷ್ಟು ಹಳೆಯ ವಾಹನಗಳನ್ನು ಒಟ್ಟಿಗೇ 70 ಲಕ್ಷ ಪೌಂಡಿಗೂ ಮಿಗಿಲಾದ ಬೆಲೆಗೆ ಕೊಂಡುಕೊಂಡಿತು. ದುರಸ್ತಿ ಮಾಡುವುದು, ಮಾರುವುದು - ಇಷ್ಟೇ ಅವರ ವ್ಯಾಪಾರ.

ಕೊಳ್ಳಲು ಬಂದವರು ಯಾರು? ಬಹಳ ಮಂದಿ ಸೈನ್ಯದಿಂದ ಬಿಡುಗಡೆಯಾಗಿ ಬಂದವರೇ. ಯುದ್ಧಕ್ಕೆ ಮೊದಲು ಹೊಲದಲ್ಲೋ ಕುದುರೆ ಲಾಯದಲ್ಲೋ ದುಡಿಯುತ್ತಿದ್ದ ಹುಡುಗರಿಗೆ ಸೈನ್ಯ ಲಾರಿ ಓಡಿಸುವುದನ್ನೂ ರಿಪೇರಿ ಮಾಡುವುದನ್ನೂ ಕಲಿಸಿತ್ತು. ಕೈಯಲ್ಲಿ ಬಿಡುಗಡೆಯ ಕಾಲಕ್ಕೆ ಸಿಕ್ಕ ಇಡಿಗಂಟು. ತಾನು ಓಡಿಸಿದಂಥದೇ ಲಾರಿ ಅಗ್ಗಕ್ಕೆ ಸಿಗುತ್ತಿರುವಾಗ ಇನ್ನೊಬ್ಬನ ಕೈಕೆಳಗೆ ಯಾಕೆ ದುಡಿಯಬೇಕು? ವಾರದ ದಿನಗಳಲ್ಲಿ ಸರಕು ಸಾಗಣೆ, ರಜೆಯ ದಿನ ಅದೇ ಚಾಸಿಯ ಮೇಲೆ ಬೆಂಚುಗಳ ಬಾಡಿ ಕೂರಿಸಿ ಸಮುದ್ರತೀರಕ್ಕೆ ಪ್ರವಾಸ - ಹೀಗೆ ಒಂದೇ ಗಾಡಿ ಎರಡು ಕಸುಬು ಮಾಡುತ್ತಿತ್ತು. 1919ರ ಸೆಪ್ಟೆಂಬರಿನಲ್ಲಿ ರೈಲ್ವೆ ನೌಕರರು ಮುಷ್ಕರ ಹೂಡಿದಾಗ, ರೈಲಿಲ್ಲದೆಯೂ ಸರಕು ಊರು ಸೇರಬಲ್ಲದು ಎಂಬುದು ವರ್ತಕರಿಗೆ ಮನವರಿಕೆಯಾಗಿತ್ತು.

ಆದರೆ ಹಳೆಯ ಗಾಡಿ ಕೊಳ್ಳುವವನ ಪಾಡು ಎಲ್ಲ ಕಾಲಕ್ಕೂ ಒಂದೇ. ಹೊಸ ಬಣ್ಣದ ಅಡಿಯಲ್ಲಿ ಏನಿದೆ ಎಂದು ಬಲ್ಲವರಾರು? ಶೆಲ್ಲು ಸಿಡಿದು ಹೊಂಡ ಬಿದ್ದ ರಸ್ತೆಗಳಲ್ಲಿ, ಗಾಳಿಯಿಲ್ಲದ ಗಟ್ಟಿ ರಬ್ಬರ್ ಚಕ್ರಗಳ ಮೇಲೆ ವರ್ಷಗಟ್ಟಲೆ ಕುಲುಕಿದ ಎಂಜಿನ್ ಅದು. ಯಂತ್ರ ನಡುದಾರಿಯಲ್ಲಿ ಕೈಕೊಟ್ಟರೆ ಇಡಿಗಂಟೆಲ್ಲ ಕರಗಿತು. ಯಂತ್ರ ಸರಿಯಿದ್ದರೂ ಕಂಟಕ ತಪ್ಪಲಿಲ್ಲ. ಪ್ರತಿ ಊರಲ್ಲೂ ಇಂಥವರೇ ನಾಲ್ಕಾರು ಮಂದಿ. ಬಾಡಿಗೆಗಾಗಿ ಒಬ್ಬರ ಮೇಲೊಬ್ಬರು ಬಿದ್ದು ದರ ಇಳಿಸಿದರು. ದರ ಇಳಿದಷ್ಟೂ ರಿಪೇರಿಗೆ ದುಡ್ಡಿಲ್ಲ, ನಿದ್ದೆಗೆ ಹೊತ್ತಿಲ್ಲ. ಒಂದೆರಡು ವರ್ಷ ಓಡಿಸಿ ಕೈಸೋತವರು ಎಷ್ಟೋ ಜನ. ದೇಶಕ್ಕಾಗಿ ಹೋರಾಡಿದವರ ಕೈಗೆ ದೇಶವೇ ಗುಜರಿ ಮಾರಿತು ಎಂದರೆ ಪೂರ್ತಿ ಸುಳ್ಳಲ್ಲ.

ಈ ಭಯ ಬೇರೊಂದು ಕಡೆಯಿಂದ ಲೇಲ್ಯಾಂಡ್ ಕಂಪೆನಿಯನ್ನೂ ಕಾಡಿತು. (ನಮ್ಮ ಲಾರಿಗಳ ಮೂತಿಯ ಮೇಲೆ ಕಾಣುವ ಅಶೋಕ್ ಲೇಲ್ಯಾಂಡ್ ಹೆಸರಿನ ಮೂಲ ಇದೇ.) ಯುದ್ಧಕಾಲದಲ್ಲಿ ಅದು ಸೈನ್ಯಕ್ಕೆ ಸುಮಾರು 6 ಸಾವಿರ ಲಾರಿ ಒದಗಿಸಿತ್ತು. ವಾಯುದಳ ಬಳಸಿದ್ದರಿಂದ ಅವುಗಳಿಗೆ 'ಆರ್‌ಎಎಫ್ ಲೇಲ್ಯಾಂಡ್' ಎಂದೇ ಹೆಸರು. ಅವೆಲ್ಲ ಕಂಡಕಂಡವರ ಕೈಸೇರಿ ರಸ್ತೆಯಲ್ಲಿ ಕೆಟ್ಟು ನಿಂತರೆ ಮರ್ಯಾದೆ ಹೋಗುವುದು ತನ್ನದು, ಹೊಸ ಲಾರಿ ಕೊಳ್ಳುವವರೂ ಇರುವುದಿಲ್ಲ ಎಂದು ಕಂಪೆನಿ ಹೆದರಿತು. ತಾನೇ ಮಾರಿದ ಲಾರಿಗಳಲ್ಲಿ ಸುಮಾರು 3 ಸಾವಿರವನ್ನು ಸರ್ಕಾರದಿಂದ ವಾಪಸು ಕೊಂಡಿತು. ಲಂಡನ್ ಬಳಿಯ ಹ್ಯಾಮ್‌ನಲ್ಲಿ, ಯುದ್ಧವಿಮಾನ ಕಟ್ಟುತ್ತಿದ್ದ ಕಾರ್ಖಾನೆಯನ್ನು ಹಿಡಿದು, ಒಂದೊಂದನ್ನೂ ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ ಗ್ಯಾರಂಟಿ ಸಮೇತ ಮಾರಿತು. ಹೆಸರು ಉಳಿಯಿತು. ಆದರೆ ಅಷ್ಟರಲ್ಲಿ ಯುದ್ಧಾನಂತರದ ಮಂದಗತಿ ವ್ಯಾಪಾರವನ್ನು ಹಿಡಿದಿತ್ತು. ಸಾಲದ ಹೊರೆಯಲ್ಲಿ ಕಂಪೆನಿ ಮುಳುಗುವ ಹಂತಕ್ಕೆ ಬಂದು ಬಚಾವಾಯಿತು. ಆ ಲಾರಿಗಳು ಮಾತ್ರ ಮುಂದೆ ಎಷ್ಟೋ ವರ್ಷ ಓಡಿದವು.

ಇತ್ತ ರೈಲ್ವೆ ಕಂಪೆನಿಗಳು ತಮ್ಮ ಸರಕನ್ನು ಲಾರಿಗಳು ಕಿತ್ತುಕೊಳ್ಳುತ್ತಿವೆ ಎಂದು ಕೂಗೆಬ್ಬಿಸಿದವು. ಕೊನೆಗೆ 1933ರ ಕಾಯಿದೆ ಸರಕು ಲಾರಿಗಳನ್ನು ಎ, ಬಿ, ಸಿ ಎಂಬ ಲೈಸೆನ್ಸುಗಳ ಚೌಕಟ್ಟಿಗೆ ತಂದಿತು. ಒಂದು ಹಳೆಯ ಲಾರಿ ಕೊಂಡು ಮರುದಿನವೇ ಸಾಗಣೆದಾರನಾಗುವ ಕಾಲ ಅಲ್ಲಿಗೆ ಮುಗಿಯಿತು. ಅಷ್ಟರೊಳಗೆ ಸ್ಲೋ ಡಿಪೋದ ವಾಹನಗಳೂ ಖರ್ಚಾಗಿ, ಖಾಲಿಯಾದ ಷೆಡ್ಡುಗಳನ್ನು ಮಾಲೀಕರು ಕಾರ್ಖಾನೆಗಳಿಗೆ ಬಾಡಿಗೆಗೆ ಕೊಡತೊಡಗಿದ್ದರು. ಸಿಟ್ರನ್ ಕಾರು ಕಂಪೆನಿ ಅಲ್ಲಿಗೆ ಬಂತು. 1932ರಲ್ಲಿ ಮಾರ್ಸ್ ಚಾಕೊಲೇಟ್ ಮೊದಲ ಬಾರಿಗೆ ತಯಾರಾದದ್ದು ಅದೇ ಸ್ಲೋ ಊರಿನಲ್ಲಿ.