ಬೆನ್ ಎಜ್ರಾ ಪ್ರಾರ್ಥನಾಮಂದಿರ ಮತ್ತು ಮಂಗಳೂರು

ಈಜಿಪ್ಟಿನ ಹಳೆ ಕೈರೋದಲ್ಲಿ, ಫುಸ್ತಾತ್ ಎಂದು ಹೆಸರಾಗಿದ್ದ ಪೇಟೆಯಲ್ಲಿ, ಬೆನ್ ಎಜ್ರಾ ಎಂಬ ಯೆಹೂದ್ಯರ ಪ್ರಾರ್ಥನಾಮಂದಿರವಿದೆ. ಹನ್ನೆರಡನೆಯ ಶತಮಾನದ ಮಂಗಳೂರಿನ ಒಂದು ಮನೆಯ ಕಥೆ ನಮಗೆ ತಿಳಿದಿರುವುದು ಈ ಮಂದಿರದ ಕೃಪೆಯಿಂದ.

ಆ ಕಾಲದಲ್ಲಿ ಕೇರಿಯ ಯೆಹೂದ್ಯರಿಗೆ ಪ್ರಾರ್ಥನೆಗೂ ನ್ಯಾಯ ತೀರ್ಮಾನಕ್ಕೂ ಮಂದಿರವೇ ಆಸರೆ. ವಾರಕ್ಕೆರಡು ಬಾರಿ ಬಡವರಿಗೆ ರೊಟ್ಟಿ ಹಂಚುತ್ತಿದ್ದರು. ಪಡೆದವರ ಪಟ್ಟಿಗಳೂ ಉಳಿದಿವೆ. ದೇವರ ಹೆಸರಿರುವ ಬರಹವನ್ನು ನಾಶಮಾಡಬಾರದೆಂಬುದು ಅವರ ಕಟ್ಟಳೆ. ಹಳೆಯ ಕಾಗದಗಳನ್ನು 'ಗೆನಿಜಾ' ಎಂಬ ಕೋಣೆಗೆ ಹಾಕುತ್ತಿದ್ದರು. ಕ್ರಮೇಣ ಅಂಗಡಿ ಲೆಕ್ಕ, ಮದುವೆ ಕರಾರು, ಖಾಸಗಿ ಪತ್ರಗಳೂ ಅಲ್ಲಿಗೇ ಸೇರಿದವು. (ನಮ್ಮ ಚರ್ಚುಗಳ ಹಳೆಯ ಲೆಕ್ಕದ ಪುಸ್ತಕಗಳು ಗೆದ್ದಲಿನ ಪಾಲಾಗುವುದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.) ಸೊಲೊಮನ್ ಷೆಕ್ಟರ್ ಎಂಬ ವಿದ್ವಾಂಸರು 1896-97ರಲ್ಲಿ ಇಲ್ಲಿಂದ ಕೇಂಬ್ರಿಡ್ಜ್‌ಗೆ ಒಯ್ದ ತುಣುಕುಗಳೇ ಸುಮಾರು 1,93,000.

ಅವುಗಳ ನಡುವೆ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಕಾಗದಗಳೂ ಇದ್ದವು. ಟ್ಯುನೀಷಿಯದ ಮಹ್ದಿಯಾದಿಂದ ಹೊರಟ ಈತ 1132ರ ವೇಳೆಗೆ ಮಂಗಳೂರಿನಲ್ಲಿದ್ದ. ಆ ವರ್ಷದ ಅಕ್ಟೋಬರ್‌ನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆಸಿದ. ಆಕೆಯನ್ನೇ ಮದುವೆಯಾದನೆಂದು ವಿದ್ವಾಂಸರ ಅಭಿಪ್ರಾಯ. ಇಲ್ಲಿಂದ ಏಡನ್‌ಗೆ ಅಡಿಕೆ, ಕರಿಮೆಣಸು, ಕಬ್ಬಿಣ ಹೋಗುತ್ತಿತ್ತು. ತನ್ನ ಕಾರ್ಖಾನೆಯಲ್ಲಿ ಕಂಚಿನ ಪಾತ್ರೆಗಳನ್ನೂ ಮಾಡಿಸಿ ಕಳುಹಿಸುತ್ತಿದ್ದ. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಮುಖ್ಯವಾಗಿ ಬರೆಯಲು ಕಾಗದ ಬರುತ್ತಿತ್ತು. 1149ರಲ್ಲಿ ಮಕ್ಕಳೊಡನೆ ಏಡನ್‌ಗೆ ಹಿಂದಿರುಗಿದ. 1156ರಲ್ಲಿ ಮಗಳ ಮದುವೆ ಫುಸ್ತಾತ್‌ನಲ್ಲಿ ಸಹೋದರನ ಮಗನೊಂದಿಗೆ ನಡೆಯಿತು. ಆಶು ಜೊತೆಗೆ ಹೋದ ದಾಖಲೆಯಿಲ್ಲ.

ವ್ಯಾಪಾರದ ಕೆಲಸಕ್ಕೆ ಏಡನ್‌ವರೆಗೂ ಹೋಗಿಬರುತ್ತಿದ್ದವನು ಬೆನ್ ಯಿಜುವಿನ ಒಬ್ಬ ದಾಸ. 1148ರಲ್ಲಿ ಏಡನ್‌ನ ವರ್ತಕ ಖಲಾಫ್ ಬರೆದ ಪತ್ರದಲ್ಲಿ ಅವನಿಗೂ ವಂದನೆಗಳಿವೆ. ಪತ್ರಗಳಲ್ಲಿ ಅವನ ಹೆಸರು ಬರಿಯ ವ್ಯಂಜನಗಳಲ್ಲಿತ್ತು. ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ತುಳು ವಿದ್ವಾಂಸ ಪ್ರೊ. ಬಿ. ಎ. ವಿವೇಕ ರೈ ಅವರನ್ನು ವಿಚಾರಿಸಿದರು. ಅದು 'ಬೊಮ್ಮ' ಎಂಬ ನಮ್ಮ ನಾಡಿನ ಹೆಸರೆಂದು ಗೊತ್ತಾಯಿತು. ಘೋಷ್ ಅವರ 'ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್' 1992ರಲ್ಲಿ ಪ್ರಕಟವಾಯಿತು.

ಈಗಿನ ಮಂದಿರ 1890ರ ಸುಮಾರಿಗೆ ಮರುನಿರ್ಮಾಣಗೊಂಡದ್ದು. ಜೀರ್ಣೋದ್ಧಾರದ ನಂತರ 2023ರಲ್ಲಿ ಮತ್ತೆ ತೆರೆಯಿತು. ಖಲಾಫನ ಪತ್ರ ಜೆರುಸಲೇಮಿನಲ್ಲಿದೆ, ಆಶುವಿನ ಬಿಡುಗಡೆ ಪತ್ರ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ.